ಖಾಲಿ ಡಿಸ್ಕಿನ ಋಣ

ಗೆಳೆಯರೆ, ನಾವು ಒಮ್ಮೆ ಮಾತಿಗೆ ತಪ್ಪಿದವರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2001ರಲ್ಲಿ ಅಮೆರಿಕದಲ್ಲಿ ಕೆಲಸ ಕಳಕೊಂಡು ಊರಿಗೆ ಬಂದಾಗ ನಮ್ಮ ಸೂಟ್‌ಕೇಸಿನ ತಳದಲ್ಲಿ ಹದಿನೈದು ಖಾಲಿ ಸೀಡಿಗಳಿದ್ದವು. ಅವು ನಮ್ಮವಲ್ಲ. ನಾವು ಯಾವತ್ತೂ ಮುಖ ನೋಡದ ಐದು ಜನ ತಲಾ ಮೂರರಂತೆ ಅಂಚೆಯಲ್ಲಿ ನಮಗೆ ಕಳಿಸಿದ್ದವು. ಅವುಗಳಿಗೆ ಸಂಗೀತ ತುಂಬಿ ವಾಪಸ್ಸು ಕಳಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಕಳಿಸಲಿಲ್ಲ. ನಮ್ಮ ಹೆಸರು ಒಂದು ಪಟ್ಟಿಗೆ ಏರಿತು. ಪೊಲೀಸರಿಲ್ಲದ, ಕೋರ್ಟಿಲ್ಲದ ಒಂದು ಸಮುದಾಯದಲ್ಲಿ ಆ ಪಟ್ಟಿಗೆ ಏರುವುದೆಂದರೆ ಊರಾಚೆ ಹಾಕಿಸಿಕೊಂಡ ಹಾಗೆ.

ಊರಾಚೆ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ಹುಟ್ಟಿದ್ದೇ ಅಲ್ಲಿ. ಜನ ತಮಗೆ ತಾವೇ ಕಟ್ಟಳೆ ಮಾಡಿಕೊಂಡು ಬದುಕಬಲ್ಲರೆ? ಮಾಡಿಕೊಂಡರೆ ಆ ಕಟ್ಟಳೆ ಯಾವಾಗ ಮರ್ಯಾದೆಯಾಗುತ್ತದೆ, ಯಾವಾಗ ಬಹಿಷ್ಕಾರವಾಗುತ್ತದೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ಒಂದು ಸಂಗೀತದ ತಂಡದ ಹುಚ್ಚು ಹಿಡಿದವರ ನಡುವೆ ಎರಡು ವರ್ಷ ಇದ್ದು, ಅವರಿಂದ ಕಲಿತು, ಅವರಿಗೆ ತಪ್ಪಿ ನಡೆದು ಬಂದದ್ದು.

ನಾವು ಮೂವರು ಒಂದೇ ಹಾಸ್ಟೆಲಿನವರು. ಸರ್ಕಾರಿ ಹಾಸ್ಟೆಲಿನ ನೀರುಸಾರು ಉಂಡು, ಒಬ್ಬನ ಪುಸ್ತಕವನ್ನು ಮೂವರು ಓದಿ ಇಂಜಿನಿಯರಿಂಗ್ ಮುಗಿಸಿದೆವು. 2000ನೇ ಇಸವಿ ಹುಟ್ಟಿದ ರಾತ್ರಿ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂಬ ಭಯ ಆಗ ಅಮೆರಿಕಕ್ಕೆ ಹಿಡಿದಿತ್ತು. ಆ ಭಯದ ದೆಸೆಯಿಂದ 1999ರಲ್ಲಿ ಗುತ್ತಿಗೆ ಕಂಪನಿಯೊಂದು ನಮ್ಮನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿತು. ಸ್ಯಾನ್ ಹೋಸೆ ಊರಿನ ಹತ್ತಿರ ಒಂದು ಮನೆ, ಮೂರು ಹಾಸಿಗೆ, ಒಂದು ಕುಕ್ಕರ್. ನಮ್ಮಲ್ಲೊಬ್ಬನ ಅಪ್ಪ ಊರಿನಲ್ಲಿ ತಮಟೆ ಬಡಿಯುವವರು. ಅವನು ಅಡುಗೆ ಮಾಡುವಾಗ ಪಾತ್ರೆ ಮೇಲೆ ಬೆರಳಾಡಿಸದೆ ಇರುತ್ತಿರಲಿಲ್ಲ.

ಕಚೇರಿಯಲ್ಲಿ ಐವತ್ತು ದಾಟಿದ ಒಬ್ಬ ಗಡ್ಡದವನಿದ್ದ. ನಮ್ಮ ಗೆಳೆಯ ಮೇಜು ಬಡಿಯುವುದನ್ನು ಕೇಳಿ ಒಂದು ದಿನ ಮೂರು ಸೀಡಿ ತಂದುಕೊಟ್ಟ. ಮೇಲೆ ಕಪ್ಪು ಶಾಯಿಯಲ್ಲಿ ಒಂದು ತಾರೀಕು, ಒಂದು ಊರಿನ ಹೆಸರು. ಅಷ್ಟೆ. ಮನೆಯಲ್ಲಿ ಹಾಕಿದೆವು. ಹಾಡು ಶುರುವಾಗುತ್ತದೆ, ಮುಗಿಯುವುದೇ ಇಲ್ಲ. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಗಂಟು ಬೀಳುತ್ತದೆ. ಇಪ್ಪತ್ತು ನಿಮಿಷ ಮಾತೇ ಇಲ್ಲ, ಬರೀ ವಾದ್ಯ. ನಮಗೆ ಇದು ಹೊಸದೆನಿಸಲಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟ ನೋಡಿ ಬೆಳೆದವರಿಗೆ ಎರಡು ನಿಮಿಷದ ಸಿನಿಮಾ ಹಾಡಿಗಿಂತ ಇದೇ ಹತ್ತಿರ.

ಮಾರನೇ ದಿನ ಕೇಳಿದೆವು, "ಇದಕ್ಕೆ ಎಷ್ಟು ಕೊಡಬೇಕು?"

ಅವನ ಮುಖ ಸಪ್ಪಗಾಯಿತು. "ಕಾಸು ತಗೊಂಡರೆ ನನ್ನ ಜನ ನನ್ನನ್ನ ಹತ್ತಿರ ಸೇರಿಸೋದಿಲ್ಲ. ನಿಮಗೆ ಇಷ್ಟ ಆದರೆ ಇದನ್ನ ಇನ್ನೊಬ್ಬರಿಗೆ ಮಾಡಿಕೊಡಿ. ನನ್ನ ಲೆಕ್ಕ ತೀರಿದ ಹಾಗೆ" ಅಂದ.

ಆ ತಂಡದ ಹೆಸರು ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, 1995ರಲ್ಲಿ ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಸಾಯುವವರೆಗೆ ಮೂವತ್ತು ವರ್ಷ ಸುಮಾರು 2,300 ಕಛೇರಿ ನಡೆಸಿತು. ಇಂದು ನುಡಿಸಿದಂತೆ ನಾಳೆ ನುಡಿಸುತ್ತಿರಲಿಲ್ಲ. ಹಾಗಾಗಿ ಒಂದೊಂದು ರಾತ್ರಿಯ ಧ್ವನಿಮುದ್ರಣವೂ ಬೇರೆಯೇ ಒಂದು ವಸ್ತು. ತಂಡದ ಹೆಸರು ಒಂದು ಹಳೇ ಜನಪದ ಕಥೆಯದ್ದು. ಸಾಲ ತೀರಿಸದೆ ಸತ್ತವನ ಹೆಣ ಮಣ್ಣಾಗದೆ ಬಿದ್ದಿರುತ್ತದೆ. ದಾರಿಹೋಕನೊಬ್ಬ ತನ್ನ ಕೊನೇ ಕಾಸು ಕೊಟ್ಟು ಸಾಲ ತೀರಿಸಿ ಮಣ್ಣು ಮಾಡಿಸುತ್ತಾನೆ. ಮುಂದೆ ಆ ದಾರಿಹೋಕ ಕಷ್ಟದಲ್ಲಿ ಸಿಕ್ಕಿಕೊಂಡಾಗ ಸತ್ತವನೇ ಬಂದು ಕೈಹಿಡಿಯುತ್ತಾನೆ. ಋಣ ಮರೆಯದ ಹೆಣ. ಈ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ತಂಡದ ಕಛೇರಿಗಳನ್ನು ಕೇಳುಗರೇ ಮುದ್ರಿಸಿಕೊಂಡು ಹಂಚಿಕೊಳ್ಳುವ ಪದ್ಧತಿ ಬಹಳ ಹಳೆಯದು. 1970ರ ದಶಕದ ಆರಂಭದಲ್ಲೇ ನ್ಯೂಯಾರ್ಕಿನಲ್ಲಿ ಟೇಪು ಬದಲಾಯಿಸಿಕೊಳ್ಳುವ ಕೂಟಗಳಿದ್ದವು. 1974ರಲ್ಲಿ ಅವರಿಗಾಗಿಯೇ ಒಂದು ಪುಟ್ಟ ಪತ್ರಿಕೆ ಹುಟ್ಟಿತು. ಮೊದಮೊದಲು ಜನ ಕೋಟಿನೊಳಗೆ ಮೈಕು ಬಚ್ಚಿಟ್ಟುಕೊಂಡು ಹೋಗುತ್ತಿದ್ದರು. ತಂಡದವರು ಕಂಡೂ ಕಾಣದಂತೆ ಇದ್ದರು. ಮೈಕಿನ ಕೋಲುಗಳ ಕಾಡೇ ಬೆಳೆದು ಹಿಂದಿನವರಿಗೆ ವೇದಿಕೆ ಕಾಣದಾದಾಗ, 1984ರ ಅಕ್ಟೋಬರಿನಲ್ಲಿ ಬರ್ಕ್‌ಲಿ ಊರಿನ ಕಛೇರಿಯಿಂದ ಮುದ್ರಿಸಿಕೊಳ್ಳುವವರಿಗೆಂದೇ ಬೇರೆ ಜಾಗ, ಬೇರೆ ಟಿಕೆಟ್ಟು ಮಾಡಿಕೊಟ್ಟರು. ಷರತ್ತು ಒಂದೇ: ಮಾರಬಾರದು.

ಕ್ಯಾಸೆಟ್ಟಿನ ಕಾಲದಲ್ಲಿ ಒಂದು ತೊಂದರೆ. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿದಷ್ಟೂ ಸೊಯ್ಯೆನ್ನುವ ಸದ್ದು ಹೆಚ್ಚುತ್ತದೆ, ಹಾಡು ಹೂತುಹೋಗುತ್ತದೆ. ಆದ್ದರಿಂದ 'ಇದು ಮೂಲದಿಂದ ಎಷ್ಟನೇ ತಲೆಮಾರು' ಎಂದು ಹೇಳಿಯೇ ಕೊಡುವುದು ಮರ್ಯಾದೆಯಾಯಿತು. ಎಲ್ಲರಿಗೂ ಮೂಲಕ್ಕೆ ಹತ್ತಿರದ್ದು ಸಿಗಲೆಂದು 'ಮರ' ಕಟ್ಟಿದರು. ಬೇರಿನಲ್ಲಿ ಒಬ್ಬ, ಅವನು ಕೊಂಬೆಗಳಾದ ನಾಲ್ಕೈದು ಜನರಿಗೆ, ಅವರು ಎಲೆಗಳಾದ ನಾಲ್ಕೈದು ಜನರಿಗೆ. ಇನ್ನೊಂದು 'ಬಳ್ಳಿ'. ಒಂದೇ ಕಟ್ಟು ಡಿಸ್ಕು ಮನೆಯಿಂದ ಮನೆಗೆ ಹರಿಯುತ್ತದೆ. ಬಂದದ್ದನ್ನು ನಕಲು ಮಾಡಿಕೊಂಡು ಮುಂದಿನವನಿಗೆ ಅಂಚೆಗೆ ಹಾಕಬೇಕು. ಮರ, ಬಳ್ಳಿ, ಎಲೆ! ಕಂಪ್ಯೂಟರಿನ ಜನ ಹೊಲಗದ್ದೆಯ ಮಾತಾಡುವುದು ಕಂಡು ನಮಗೆ ನಗು ಬಂತು. ಹತ್ತಿರವೂ ಅನಿಸಿತು.

1998ರಲ್ಲಿ ಇಂಟರ್ನೆಟ್ಟಿನ ಮೂಲಕ ಇದನ್ನೆಲ್ಲ ಒಂದು ಶಿಸ್ತಿಗೆ ತಂದ ಈಟ್ರೀ ಎಂಬ ಸಮುದಾಯ ಹುಟ್ಟಿತು. ಸಂಬಳ ತಗೊಳ್ಳದ ಸ್ವಯಂಸೇವಕರು. ನಾವು ಸೇರಿಕೊಂಡದ್ದು ಈ ಹೊತ್ತಿಗೆ.

ಅಲ್ಲಿ ಕಟ್ಟಳೆಗಳು ಬೇಕಾದಷ್ಟಿದ್ದವು. ಆದರೆ ಒಂದೊಂದಕ್ಕೂ ಕಾರಣವಿತ್ತು, ಕಾರಣ ಕೇಳಿದರೆ ಹೇಳುತ್ತಿದ್ದರು. ನಮ್ಮೂರಿನ ಕಟ್ಟಳೆಗೆ ಕಾರಣ ಕೇಳಿದವನ ಬೆನ್ನು ಏನಾಗುತ್ತಿತ್ತೆಂದು ನಿಮಗೆ ಗೊತ್ತಿದೆ.

ಮಾರಬಾರದು. ಯಾಕೆಂದರೆ ತಂಡ ಒಪ್ಪಿಗೆ ಕೊಟ್ಟಿರುವುದೇ ಆ ಷರತ್ತಿನ ಮೇಲೆ. ಒಬ್ಬ ಮಾರಿದರೆ ಎಲ್ಲರ ಒಪ್ಪಿಗೆಯೂ ಹೋಗುತ್ತದೆ. ಒಪ್ಪಿಗೆ ಕೊಡದ ತಂಡದ ಸಂಗೀತವನ್ನು ಮುಟ್ಟಬಾರದು. ತಂಡವೇ ಅಂಗಡಿಯಲ್ಲಿ ಮಾರುತ್ತಿರುವುದನ್ನು ನಕಲು ಮಾಡಬಾರದು. ಅದು ಅವರ ಅನ್ನ.

ಎಂಪಿ3ಯಿಂದ ತೆಗೆದದ್ದನ್ನು ಸಾಲಿಗೆ ಸೇರಿಸಬಾರದು. ಎಂಪಿ3 ಹಾಡನ್ನು ಚಿಕ್ಕದು ಮಾಡುವುದೇ ಒಂದಿಷ್ಟನ್ನು ಎಸೆದು. ಎಸೆದದ್ದು ಮತ್ತೆ ಬರುವುದಿಲ್ಲ. ಸೀಡಿಗೆ ಹಾಕಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ನೀರು ಬೆರೆಸಿದ ಹಾಲಿನ ಹಾಗೆ. ಒಬ್ಬ ಬೆರೆಸಿದರೆ ಅವನ ಮುಂದಿನ ನೂರು ಜನಕ್ಕೂ ಅದೇ ಹಾಲು. ಅದಕ್ಕೆ ಏನನ್ನೂ ಎಸೆಯದೆ ಮಡಿಚಿಡುವ ಬೇರೆ ವಿಧಾನ ಬಳಸುತ್ತಿದ್ದರು: ಮೊದಲು ಶಾರ್ಟನ್, 2001ರ ನಂತರ ಫ್ಲ್ಯಾಕ್. ಕಡತದ ಜೊತೆಗೊಂದು ಉದ್ದನೆಯ ಗುರುತಿನ ಅಂಕಿ, ಎಂಡಿ5 ಎನ್ನುತ್ತಾರೆ. ಹೆಬ್ಬೆಟ್ಟಿನ ಗುರುತಿನ ಹಾಗೆ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಅಂಕಿ ತಾಳೆಯಾಗುವುದಿಲ್ಲ. ಮನುಷ್ಯನನ್ನು ನಂಬು, ಕಡತವನ್ನು ತಾಳೆ ನೋಡು. ಇದು ಅಲ್ಲಿನ ನೀತಿ.

ಒಂದು ಕಛೇರಿಯ ಮಡಿಚಿದ ಕಡತವೂ ಟೆಲಿಫೋನ್ ತಂತಿಯಲ್ಲಿ ಇಳಿಯಲು ಎರಡು ದಿನ ಹಿಡಿಯುತ್ತಿದ್ದ ಕಾಲ ಅದು. ಆದ್ದರಿಂದ ಮಾತುಕತೆ ಇಂಟರ್ನೆಟ್ಟಿನಲ್ಲಿ, ಸಾಗಣೆ ಹೆಚ್ಚಾಗಿ ಅಂಚೆಯಲ್ಲಿ. ಬದಲಿಗೆ ಕೊಡಲು ಏನೂ ಇಲ್ಲದ ಹೊಸಬ ಬಂದರೆ? ಅವನಿಗೂ ದಾರಿ ಇತ್ತು. ಅವನು ಖಾಲಿ ಡಿಸ್ಕನ್ನೂ ವಾಪಸ್ಸಿನ ಅಂಚೆಚೀಟಿಯನ್ನೂ ಕಳಿಸಿದರೆ ಸಾಕು, ಇದ್ದವನು ತುಂಬಿ ಕಳಿಸುತ್ತಾನೆ. ಆಮೇಲೆ ಹೊಸಬ ಹಳಬನಾದಾಗ ಇನ್ನೊಬ್ಬ ಹೊಸಬನಿಗೆ ಅದನ್ನೇ ಮಾಡಬೇಕು. ಕೊಟ್ಟವನಿಗೆ ವಾಪಸ್ಸು ಕೊಡುವುದಲ್ಲ, ಮುಂದಿನವನಿಗೆ ಕೊಡುವುದು. 'ಒಂದಕ್ಕೆ ಎರಡು ಖಾಲಿ ಡಿಸ್ಕು ಕಳಿಸು' ಎಂದು ಹೊಸಬರಿಂದ ಕೀಳುವವರೂ ಇದ್ದರು. ಅವರನ್ನು ಜನ ಬಡ್ಡಿ ಸಾಹುಕಾರನನ್ನು ನೋಡಿದ ಹಾಗೆ ನೋಡುತ್ತಿದ್ದರು.

ಚಿಕ್ಕಪುಟ್ಟ ನಡಾವಳಿಯಲ್ಲಿ ನಾವು ಎಡವಿದ್ದೇ ಎಡವಿದ್ದು. ಅಂದವಾಗಿರಲೆಂದು ಡಿಸ್ಕಿನ ಮೇಲೆ ಕಾಗದ ಅಂಟಿಸಿ ಕಳಿಸಿದೆವು. ಕಾಗದ ಕಿತ್ತುಬಂದರೆ ಡಿಸ್ಕು ಹಾಳು ಎಂದು ಬರೆದರು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಳಿಸಿದೆವು. ಡಬ್ಬಿ ಒಡೆಯುತ್ತದೆ, ಅಂಚೆ ಖರ್ಚೂ ದಂಡ ಎಂದರು. ಹಾಡು ಹಾಡಿನ ನಡುವೆ ಎರಡು ಸೆಕೆಂಡು ಮೌನ ಬರುವ ಹಾಗೆ ಡಿಸ್ಕು ಬರೆದುಬಿಟ್ಟೆವು. ಹರಿಯುವ ಹಾಡಿಗೆ ಕಟ್ಟೆ ಹಾಕಿದ ಹಾಗಾಯಿತು ಅದು. ಪ್ರತಿ ಸಲವೂ ಯಾರೋ ಒಬ್ಬರು ತಾಳ್ಮೆಯಿಂದ ತಿದ್ದಿದರು. "ನೀವು ಯಾವ ಜನ?" ಎಂದು ಒಬ್ಬರೂ ಕೇಳಲಿಲ್ಲ. ಗೆಳೆಯರೆ, ತಪ್ಪು ಮಾಡಿ ತಿದ್ದಿಸಿಕೊಳ್ಳುವುದು ನಮಗೆ ಹೊಸದಲ್ಲ. ತಿದ್ದುವಾಗ ಹುಟ್ಟನ್ನು ಎಳೆಯದೆ ತಿದ್ದಿಸಿಕೊಂಡದ್ದು ಹೊಸದು.

ಇಷ್ಟಾದ ಮೇಲೆ ಕಣ್ಣಿಗೆ ಕಟ್ಟಿದ್ದ ಬೆರಗನ್ನು ಅಪ್ಪ ಇಳಿಸಿದರು. ತಮಟೆಯ ಅಪ್ಪ. ಊರಿನ ಅಂಗಡಿಯ ಫೋನಿಗೆ ಕರೆಸಿ ನಮ್ಮ ಗೆಳೆಯ ಈ ಕಥೆಯನ್ನೆಲ್ಲ ಉತ್ಸಾಹದಿಂದ ಹೇಳಿದ. "ಇಲ್ಲಿ ಹಾಡಿಗೆ ಯಾರೂ ಕಾಸು ತಗೊಳ್ಳಲ್ಲ ಕಣಪ್ಪ. ಎಲ್ಲ ಪುಗಸಟ್ಟೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾವೂ ಪುಗಸಟ್ಟೆನೇ ಬಡ್ದಿದ್ದು ಕಣ್ಲಾ ಮಗ. ನಮ್ಮಪ್ಪನೂ ಹಂಗೇ ಬಡ್ದ. ಅದನ್ನ ಯಾರೂ ದೊಡ್ಡತನ ಅನ್ನಿಲ್ವಲ್ಲ? ಆ ಹಾಡೋರ ಹೊಟ್ಟೆಗೇನ್ಲಾ?"

ನಾವು ಮೂವರೂ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಪ್ಪ ಕೇಳಿದ್ದು ನ್ಯಾಯ. ಊರ ಮಾರಿಹಬ್ಬ, ಊರ ಮದುವೆ, ಊರ ಹೆಣ, ಎಲ್ಲದಕ್ಕೂ ನಮ್ಮ ಕೇರಿಯ ತಮಟೆ ಬೇಕು. ಕೊಡುವುದು ಮಿಕ್ಕ ಅನ್ನ. ನಿಲ್ಲುವುದು ದೂರ. 'ಸಂಗೀತ ಮಾರುವ ಸರಕಲ್ಲ' ಎಂಬ ಮಾತು ಕೇಳಲು ಚೆಂದ. ಆದರೆ ಯಾರ ಸಂಗೀತವನ್ನು ತಲೆತಲಾಂತರ ಬಿಟ್ಟಿಯಾಗಿ ಕಿತ್ತುಕೊಂಡಿದ್ದಾರೋ ಅವರ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ.

ಆದರೂ ವ್ಯತ್ಯಾಸವಿತ್ತು, ಅದನ್ನು ಹುಡುಕಿಕೊಂಡೆವು. ಆ ತಂಡದವರಿಗೆ ಕಛೇರಿಯ ಬಾಗಿಲಲ್ಲೇ ಟಿಕೆಟ್ಟಿನ ದುಡ್ಡು ಬರುತ್ತಿತ್ತು. ಹೊಟ್ಟೆ ತುಂಬಿದ ಮೇಲೆ, ತಮ್ಮ ಬಾಯಿಂದ, 'ಮುದ್ರಿಸಿಕೊಳ್ಳಿ' ಎಂದರು. ಬೇಡ ಎನ್ನುವ ಶಕ್ತಿಯೂ ಅವರಿಗಿತ್ತು. ಅಪ್ಪನಿಗೆ ಬೇಡ ಎನ್ನುವ ಶಕ್ತಿ ಇರಲಿಲ್ಲ. ಒಮ್ಮೆ ಎಂದರು. ಅದರ ಕಥೆ ಮುಂದೆ ಬರುತ್ತದೆ. ಬೇಡ ಎನ್ನಬಲ್ಲವನು ಕೊಟ್ಟರೆ ಅದು ಕೊಡುಗೆ. ಬೇಡ ಎನ್ನಲಾರದವನಿಂದ ತಗೊಂಡರೆ ಅದು ಬಿಟ್ಟಿ.

ಈಗ ನಮ್ಮ ತಪ್ಪಿನ ವಿಷಯ.

2001ರ ಆರಂಭದಲ್ಲಿ ನಾವೂ ಹಳಬರಾಗಿದ್ದೆವು. ಹೊಸಬರಲ್ಲಿ ಐದು ಜನಕ್ಕೆ ಖಾಲಿ ಡಿಸ್ಕು ಕಳಿಸಿ, ತುಂಬಿ ಕೊಡುತ್ತೇವೆ ಎಂದು ಸಾರಿದೆವು. ಐದು ಲಕೋಟೆ ಬಂದವು. ಒಬ್ಬ ಶಾಲಾ ಹುಡುಗ. ಅಂಚೆಚೀಟಿಗಳನ್ನು ಬೇರೆ ಬೇರೆ ಬೆಲೆಯವು ಕೂಡಿಸಿ ಅಂಟಿಸಿದ್ದ. ಅಷ್ಟರಲ್ಲಿ ಇಂಟರ್ನೆಟ್ ಕಂಪನಿಗಳ ಗುಳ್ಳೆ ಒಡೆಯಿತು. ಸಾವಿರಾರು ಜನರ ಕೆಲಸ ಹೋಯಿತು. ಗುತ್ತಿಗೆಯವರು ನಾವು, ಮೊದಲ ಸಾಲಿನಲ್ಲೇ ಹೋದೆವು. ಒಂದು ಶುಕ್ರವಾರ ಮಧ್ಯಾಹ್ನ ಹೇಳಿದರು, ಸಂಜೆಗೆ ಬಾಗಿಲ ಕಾರ್ಡು ಕೆಲಸ ಮಾಡಲಿಲ್ಲ. ವೀಸಾ ಕೆಲಸಕ್ಕೆ ಕಟ್ಟಿದ್ದು. ಬಾಡಿಗೆಗೆ ಕಂಪ್ಯೂಟರ್ ಮಾರಿದೆವು, ಡಿಸ್ಕು ಬರೆಯುವ ಯಂತ್ರವೂ ಅದರ ಜೊತೆಗೇ ಹೋಯಿತು. ಲಕೋಟೆಗಳನ್ನು ಸೂಟ್‌ಕೇಸಿನ ತಳಕ್ಕೆ ಹಾಕಿದೆವು. ಐದು ಜನಕ್ಕೆ ಒಂದು ಸಾಲು ಬರೆಯಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದಾಗ ಡಿಸ್ಕಿನ ಲೆಕ್ಕ ಯಾರಿಗೆ ನೆನಪಾಗುತ್ತದೆ ಎಂದು ನಮಗೆ ನಾವೇ ಹೇಳಿಕೊಂಡೆವು.

ಎರಡು ತಿಂಗಳ ಮೇಲೆ ಮೈಸೂರಿನ ಒಂದು ಸೈಬರ್ ಸೆಂಟರಿನಲ್ಲಿ ಕೂತು ನೋಡಿದಾಗ ನಮ್ಮ ಹೆಸರು ಪಟ್ಟಿಯಲ್ಲಿತ್ತು. ಆ ಸಮುದಾಯದಲ್ಲಿ ಎರಡು ಬಗೆಯ ಪಟ್ಟಿಗಳಿದ್ದವು: ನಂಬಿಕಸ್ತರದ್ದು, ನಂಬಬಾರದವರದ್ದು. ನಮ್ಮದು ಎರಡನೆಯದರಲ್ಲಿ. 'ಐದು ಜನರ ಡಿಸ್ಕು ಇಟ್ಟುಕೊಂಡಿದ್ದಾರೆ, ಮೂರು ಪತ್ರಕ್ಕೂ ಉತ್ತರವಿಲ್ಲ, ಇವರೊಡನೆ ವ್ಯವಹರಿಸಬೇಡಿ.'

ತಮಟೆಯವರ ಮಗ ಕುರ್ಚಿ ಬಿಟ್ಟೆದ್ದ. "ಇದು ನಮ್ಮೂರ ಚಾವಡಿನೇ ಕಣ್ರೋ. ನಮ್ಮನ್ನ ಕೇಳದೆನೇ ತೀರ್ಪು!"

ಅವನಿಗೆ ಆ ಸಿಟ್ಟು ಯಾಕೆ ಬಂತು ಎಂಬುದು ನಮಗೆ ಗೊತ್ತು. ಅವನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಒಂದು ವರ್ಷ ಕೇರಿಯವರು, ಬಿಟ್ಟಿಯಾಗಿ ಇನ್ನು ತಮಟೆ ಬಡಿಯುವುದಿಲ್ಲ ಎಂದರು. ಮಾರನೇ ದಿನದಿಂದ ಅಂಗಡಿಯಲ್ಲಿ ಉಪ್ಪಿಲ್ಲ, ಸೀಮೆಎಣ್ಣೆ ಇಲ್ಲ. ಗಿರಣಿಯವನು ರಾಗಿ ಬೀಸಲಿಲ್ಲ. ಕೂಲಿಗೆ ಕರೆಯಲಿಲ್ಲ. ಕೇರಿಯವರನ್ನು ಮಾತಾಡಿಸಿದವರಿಗೆ ದಂಡ. ಮೂರು ತಿಂಗಳು. ಇವತ್ತು ಇಂಥ ಬಹಿಷ್ಕಾರ ಕಾನೂನಿನಲ್ಲಿ ಹೆಸರು ಹೇಳಿ ಬರೆದ ಅಪರಾಧ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿ ಅದನ್ನು ಸೇರಿಸಿತು. ಅಂದು ಅದು ಊರಿನ 'ಸ್ವಯಂ ಆಡಳಿತ'. ಊರೂ ಹೇಳುತ್ತಿತ್ತು: ನಮ್ಮ ಕಟ್ಟಳೆ ನಮ್ಮದು, ಪೊಲೀಸರು ಯಾಕೆ?

ನಮ್ಮಲ್ಲಿ ಮೂರನೆಯವನು ಹೆಚ್ಚು ಮಾತಾಡದವನು. ಅವನೆಂದ, "ಹಂಗನ್ನಬ್ಯಾಡ ಕಣೋ. ನಿಮ್ಮಪ್ಪ ಯಾರ ಡಿಸ್ಕೂ ಇಟ್ಕೊಂಡಿರಲಿಲ್ಲ. ನಾವು ಇಟ್ಕೊಂಡಿದೀವಿ. ಆ ಹುಡುಗನ ಅಂಚೆಚೀಟಿ ಇನ್ನೂ ಸೂಟ್‌ಕೇಸಲ್ಲೈತೆ."

ಸೈಬರ್ ಸೆಂಟರಿನವನು ಟೈಮ್ ಆಯ್ತು ಎಂದು ಕೂಗುತ್ತಿದ್ದ. ಇನ್ನೂ ಒಂದು ಗಂಟೆಯ ದುಡ್ಡು ಕೊಟ್ಟು ಪಟ್ಟಿ ನೋಡಿಕೊಳ್ಳುವವನಿಗೆ ಬರೆದೆವು. ಸಿಟ್ಟಿನಲ್ಲೇ ಬರೆದೆವು: ಆರೋಪ ಬಂದಾಗ ಆರೋಪಿಯನ್ನು ಕೇಳುವುದಿಲ್ಲವೆ? ಅವನ ಉತ್ತರ ಮಾರನೇ ದಿನವೇ ಬಂತು. 'ಮೂರು ಸಲ ಕೇಳಿದ್ದೇವೆ. ನೀವು ಕೊಟ್ಟ ವಿಳಾಸಕ್ಕೇ ಬರೆದಿದ್ದೇವೆ.' ಆಗ ಹೊಳೆಯಿತು. ನಾವು ಕೊಟ್ಟಿದ್ದು ಕಚೇರಿಯ ವಿಳಾಸ. ಕೆಲಸ ಹೋದ ಸಂಜೆಯೇ ಅದರ ಬಾಗಿಲೂ ಮುಚ್ಚಿತ್ತು. ಮೂರು ಪತ್ರಗಳೂ ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದಿದ್ದವು. ಅವರು ಕೇಳಿದ್ದು ನಿಜ. ನಮಗೆ ಕೇಳಿಸದಿದ್ದದ್ದೂ ನಿಜ.

ನಡೆದದ್ದನ್ನು ಬರೆದೆವು. ಕೆಲಸ ಹೋದದ್ದು, ಊರಿಗೆ ಬಂದದ್ದು, ಡಿಸ್ಕುಗಳು ಹಾಗೇ ಇರುವುದು, ಅಂಚೆಗೆ ಸದ್ಯಕ್ಕೆ ಕಾಸಿಲ್ಲದ್ದು. ಅವನು ನಮ್ಮ ಮಾತನ್ನು ಆರೋಪದ ಕೆಳಗೇ, ಒಂದಕ್ಷರ ಬಿಡದೆ ಹಾಕಿದ.

ಒಂದು ವಾರಕ್ಕೆ ಓಹಾಯೋ ರಾಜ್ಯದಿಂದ ಒಬ್ಬ ಹೆಂಗಸಿನ ಪತ್ರ. ಹಿಂದೊಮ್ಮೆ ಅವರು ಹೊಸಬರಾಗಿದ್ದಾಗ ನಾವು ಡಿಸ್ಕು ತುಂಬಿ ಕೊಟ್ಟಿದ್ದೆವಂತೆ. ನಮಗೆ ನೆನಪೂ ಇರಲಿಲ್ಲ. 'ಐದು ವಿಳಾಸ ಕಳಿಸಿ. ನಿಮ್ಮ ಸಾಲ ನಾನು ತೀರಿಸುತ್ತೇನೆ' ಎಂದು ಬರೆದಿದ್ದರು. ತಮ್ಮದೇ ಹದಿನೈದು ಡಿಸ್ಕು, ತಮ್ಮದೇ ಅಂಚೆ ಖರ್ಚು. ತಿಂಗಳೊಳಗೆ ಐವರಿಗೂ ಮುಟ್ಟಿತು. ನಾವು ಖಾಲಿ ಡಿಸ್ಕುಗಳನ್ನು ಹೇಗಾದರೂ ನಿಮಗೆ ಕಳಿಸುತ್ತೇವೆ ಎಂದರೆ ಬೇಡ ಎಂದರು. 'ಅವು ನಿಮ್ಮಲ್ಲೇ ಇರಲಿ. ನಿಮ್ಮ ಕಡೆಯ ಸಂಗೀತ ತುಂಬಿ ಯಾರಿಗಾದರೂ ಕೊಡಿ.' ಹೆಣದ ಸಾಲ ತೀರಿಸಿದ ದಾರಿಹೋಕನ ಕಥೆ ಹೇಳಿದೆವಲ್ಲ, ಇಲ್ಲಿ ಹೆಣಗಳು ನಾವು.

ಪಟ್ಟಿಯಿಂದ ನಮ್ಮ ಹೆಸರು ಅಳಿಸುತ್ತಾರೆಂದು ಕಾದೆವು. ಅಳಿಸಲಿಲ್ಲ. ಪಕ್ಕದಲ್ಲಿ ಒಂದು ಸಾಲು ಸೇರಿಸಿದರು: 'ತಡವಾಯಿತು. ಲೆಕ್ಕ ತೀರಿದೆ.' ಆಗ ಬೇಜಾರಾಯಿತು. ಈಗ ಯೋಚಿಸಿದರೆ ಅದೇ ಸರಿ ಅನಿಸುತ್ತದೆ. ತಪ್ಪೂ ಇರಲಿ, ತಿದ್ದಿಕೊಂಡದ್ದೂ ಇರಲಿ. ನಮ್ಮೂರ ಬಹಿಷ್ಕಾರಕ್ಕೂ ಆ ಪಟ್ಟಿಗೂ ಇದ್ದ ದೂರ ಇಲ್ಲೇ ಕಾಣುವುದು. ಪಟ್ಟಿಗೆ ಏರಲು ಏನೋ ಮಾಡಿರಬೇಕು, ಇಳಿಯಲು ಏನೋ ಮಾಡಬಹುದು. ಮೆಟ್ಟಿಲಿದೆ. ಹುಟ್ಟಿನ ಪಟ್ಟಿಗೆ ಮೆಟ್ಟಿಲೇ ಇಲ್ಲ. ಏನು ಮಾಡಿದ್ದಕ್ಕೆ ಏರಿದೆವು, ಏನು ಮಾಡಿದರೆ ಇಳಿದೇವು?

ಹಾಗೆಂದು ಆ ಸಮುದಾಯವನ್ನು ಕಲ್ಯಾಣವೆಂದು ಕೊಂಡಾಡಲಾರೆವು. ಅಲ್ಲಿ ಸೇರಲು ಕಂಪ್ಯೂಟರ್ ಬೇಕು, ಬಿಡುವು ಬೇಕು, ಇಂಗ್ಲಿಷ್ ಬೇಕು. ಜಾತಿ ಕೇಳಲಿಲ್ಲ ನಿಜ, ಆದರೆ ಬಾಗಿಲಿಗೆ ಬರಲು ಆಗದವರ ಜಾತಿಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಇನ್ನೊಂದು ಮಾತು. ಪ್ರತಿ ಕಛೇರಿಯ ಜೊತೆ ಒಂದು ಚೀಟಿ ಬರುತ್ತಿತ್ತು. ಯಾವ ತಾರೀಕು, ಯಾವ ಊರು, ಯಾವ ಹಾಡಿನ ಮೇಲೆ ಯಾವ ಹಾಡು, ಯಾವ ಮೈಕು, ಯಾರು ಮುದ್ರಿಸಿದ್ದು, ಯಾರ ಕೈಯಿಂದ ಯಾರ ಕೈಗೆ ಬಂತು, ಎಲ್ಲ. ಚೀಟಿಯಿಲ್ಲದ ಡಿಸ್ಕು ಅನಾಥ. ಚೀಟಿ ಕಿತ್ತು ಹಂಚುವುದು ದೊಡ್ಡ ತಪ್ಪು. ಎಷ್ಟು ಒಳ್ಳೆಯ ಪದ್ಧತಿ! ಆದರೆ ಆ ತಂಡ ನುಡಿಸುತ್ತಿದ್ದ ಎಷ್ಟೋ ಹಾಡು ಕರಿಯರದು. ರೆವರೆಂಡ್ ಗ್ಯಾರಿ ಡೇವಿಸ್ ಎಂಬ ಕುರುಡ ಕರಿಯ ಗಾಯಕನಿಂದ ಬಂದ ಹಾಡುಗಳನ್ನು ಅವರು ನೂರಾರು ಸಲ ಹಾಡಿದ್ದಾರೆ. ನಮ್ಮ ಕೈಗೆ ಬಂದ ಚೀಟಿಗಳಲ್ಲಿ ಮೈಕಿನ ಕಂಪನಿಯ ಹೆಸರಿತ್ತು, ಆ ಮುದುಕನ ಹೆಸರಿರಲಿಲ್ಲ.

ಮತ್ತೊಂದು ಪಾಠ 2005ರಲ್ಲಿ ಬಂತು. 2002ರಿಂದ ಈ ಮುದ್ರಣಗಳೆಲ್ಲ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರಕ್ಕೆ ಸೇರತೊಡಗಿದ್ದವು. 2005ರ ನವೆಂಬರಿನಲ್ಲಿ ಗ್ರೇಟ್‌ಫುಲ್ ಡೆಡ್‌ನ ಕಡೆಯವರ ಮಾತಿನ ಮೇಲೆ ಅವುಗಳನ್ನು ಇಳಿಸಿಕೊಳ್ಳುವುದು ಥಟ್ಟನೆ ನಿಂತಿತು. ಕೇಳುಗರು ಸಿಡಿದೆದ್ದರು. ತಂಡದವನೇ ಆದ ಫಿಲ್ ಲೆಶ್ ಈ ತೀರ್ಮಾನದಲ್ಲಿ ತಾನಿರಲಿಲ್ಲ ಎಂದು ಬಹಿರಂಗವಾಗಿ ಹೇಳಿದ. ಕೆಲವೇ ದಿನಗಳಲ್ಲಿ, ಕೇಳುಗರು ತಮ್ಮ ಮೈಕಿನಿಂದ ಮುದ್ರಿಸಿದ್ದು ಮತ್ತೆ ಸಿಗುವಂತಾಯಿತು. ವೇದಿಕೆಯ ಯಂತ್ರದಿಂದಲೇ ಮುದ್ರಿಸಿದ್ದು ಮಾತ್ರ ಅಲ್ಲೇ ಕೇಳಲು ಸಿಕ್ಕಿತು, ಇಳಿಸಿಕೊಳ್ಳಲು ಅಲ್ಲ. ಜನ ಸೇರಿ ಕೇಳಿದ್ದಕ್ಕೆ ಅಷ್ಟಾದರೂ ಉಳಿಯಿತು. ದಯೆಯಿಂದ ಬಂದದ್ದು ದಯೆ ಇರುವವರೆಗೆ ಮಾತ್ರ. ಈ ಮಾತನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಹದಿನೈದು ಡಿಸ್ಕುಗಳ ಕಥೆ.

2003ರ ಏಪ್ರಿಲ್ 14. ಕೇರಿಯಲ್ಲಿ ಬಾಬಾಸಾಹೇಬರ ಜಯಂತಿ. ಆರು ಜನ ತಮಟೆಯವರು ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. 'ಒಂದು ಗಂಟೆ ಮುದ್ರಿಸಿಕೊಂಡು ಆ ಐದು ಜನಕ್ಕೂ ಓಹಾಯೋದ ಅಮ್ಮನಿಗೂ ಕಳಿಸಬೇಕು' ಎಂದು ಅಪ್ಪನನ್ನು ಕೇಳಿದೆವು. ಮೊದಲ ಸಲ ಯಾರೋ ಅವರನ್ನು ಕೇಳಿದ್ದು. ಅವರು ಬೀಡಿ ಹಚ್ಚಿ ಯೋಚಿಸಿದರು. ಉಳಿದ ಐವರನ್ನೂ ಕರೆದು ಕೂರಿಸಿಕೊಂಡರು. ಆಮೇಲೆ ಹೇಳಿದರು:

"ಮಾರಬ್ಯಾಡಿ. ಬಡ್ದೋರ ಆರು ಜನದ ಹೆಸರೂ ಹಾಕಿ, ಅವರಪ್ಪದಿರ ಹೆಸರೂ ಹಾಕಿ, ಊರೂ ಹಾಕಿ. ಕೇಳ್ದೋರ್‍ಗೆಲ್ಲ ಕೊಡಿ, ಆದ್ರೆ ಚೀಟಿ ಬುಟ್ಟು ಕೊಡಬ್ಯಾಡಿ."

ಈಟ್ರೀಯ ಹೆಸರನ್ನೂ ಕೇಳದ, ಓದು ಬಾರದ ಮನುಷ್ಯ ಕ್ಷಣದಲ್ಲಿ ಅವೇ ಕಟ್ಟಳೆಗಳನ್ನು ಹೇಳಿದರು. ಜೊತೆಗೆ ಅಲ್ಲಿ ಇಲ್ಲದ ಒಂದನ್ನೂ ಸೇರಿಸಿದರು: ಹಿಂದಿನವರ ಹೆಸರು.

ಹಳೇ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದೆವು. ಮೈಸೂರಿನಲ್ಲಿ ಕಂಪ್ಯೂಟರಿಗೆ ಇಳಿಸಿದೆವು, ಎಂಪಿ3 ಮಾಡಲಿಲ್ಲ. ಚೀಟಿಯಲ್ಲಿ ಎಲ್ಲ ಬರೆದೆವು, ನಡುವೆ ನಾಯಿ ಬೊಗಳಿದ್ದನ್ನೂ. ಐದು ಡಿಸ್ಕು ಆ ಐವರಿಗೆ, ಒಂದು ಓಹಾಯೋಗೆ, ಆರು ಬಡಿದ ಆರು ಜನಕ್ಕೆ, ಒಂದು ಊರ ಶಾಲೆಯ ಮೇಷ್ಟರಿಗೆ. ಒಂದು ಬರೆಯುವಾಗ ಹಾಳಾಯಿತು. ಒಂದು ಇನ್ನೂ ಖಾಲಿ ಇದೆ. ಕಳಿಸಿದವರಲ್ಲಿ ನಾಲ್ಕು ಜನ ಮುಟ್ಟಿತು ಎಂದು ಬರೆದರು. ಅಂಚೆಚೀಟಿ ಕೂಡಿಸಿದ್ದ ಹುಡುಗ, ತಮಟೆಯ ಚರ್ಮವನ್ನು ಬೆಂಕಿಗೆ ಯಾಕೆ ಹಿಡಿಯುತ್ತಾರೆ ಎಂದು ಕೇಳಿದ್ದ. ಒಬ್ಬರಿಂದ ಉತ್ತರ ಬರಲಿಲ್ಲ. ಅವರ ವಿಳಾಸವೂ ಕಚೇರಿಯದ್ದೇ ಇರಬಹುದು ಎಂದುಕೊಂಡೆವು. ಯಾವ ಪಟ್ಟಿಗೂ ಹಾಕಲಿಲ್ಲ.

ಇಂದು ಡಿಸ್ಕು ಹಾಕುವ ಯಂತ್ರ ಹುಡುಕಿದರೂ ಸಿಗುವುದು ಕಷ್ಟ. ಆ ಭಂಡಾರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಛೇರಿಗಳಿವೆ, ಖಾಲಿ ಡಿಸ್ಕು ಕಳಿಸಿ ಕಾಯುವ ಕೆಲಸವಿಲ್ಲ. ಹಂಚುವುದು ಸುಲಭವಾಗಿದೆ. ಬೆರಳು ಒತ್ತಿದರೆ ಸಾಕು, ನೂರು ಜನಕ್ಕೆ ಹೋಗುತ್ತದೆ. ಚೀಟಿ ಮಾತ್ರ ಹೋಗುವುದಿಲ್ಲ. ನಮ್ಮ ಫೋನಿಗೆ ದಿನವೂ ತಮಟೆಯ ತುಣುಕು ಬರುತ್ತವೆ, ಹೋರಾಟದ ಹಾಡು ಬರುತ್ತವೆ. ಯಾರು ಬಡಿದದ್ದು, ಯಾವ ಊರು, ಅವರನ್ನು ಯಾರಾದರೂ ಕೇಳಿದರೆ? ನಾವೂ ಕೇಳದೆ ಮುಂದಕ್ಕೆ ತಳ್ಳುತ್ತೇವೆ. ನಮ್ಮವರ ಹೆಸರನ್ನು ಕಿತ್ತವರು ಬೇರೆಯವರು ಎಂದು ಇಷ್ಟು ದಿನ ಹೇಳಿದೆವು. ಈಗ ಆ ಕೆಲಸ ನಮ್ಮ ಬೆರಳೂ ಮಾಡುತ್ತಿದೆ.

ಅಪ್ಪನ ಮನೆಯಲ್ಲಿ ಆ ಡಿಸ್ಕು ಗೋಡೆಯ ಮೊಳೆಯಲ್ಲಿದೆ. ಹಾಕಿ ಕೇಳುವ ಯಂತ್ರ ಅವರಲ್ಲಿ ಯಾವತ್ತೂ ಇರಲಿಲ್ಲ. ಪಕ್ಕದಲ್ಲಿ ಚೀಟಿ ಅಂಟಿಸಿದ್ದಾರೆ. ಅದರಲ್ಲಿರುವ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಅವರು ಒಪ್ಪಿಗೆ ಕೊಟ್ಟಿದ್ದು ಆ ಚೀಟಿಗೆ, ಈ ಲೇಖನಕ್ಕಲ್ಲ. ಮನೆಗೆ ಬಂದವರು ಯಾರೇ ಆಗಲಿ, ಮೇಷ್ಟರಾಗಲಿ, ಓಟು ಕೇಳಲು ಬಂದವರಾಗಲಿ, ಅಪ್ಪ ಮೊದಲು ಗೋಡೆ ತೋರಿಸುತ್ತಾರೆ.

"ಕೂತ್ಕಳಿ. ಮೊದ್ಲು ಆ ಚೀಟಿ ಜೋರಾಗಿ ಓದಿ. ಆಮ್ಯಾಕೆ ಮಾತಾಡಾಣ."